ಹಳೆಯ ಕಾರಿನ ಟೆಂಪರೇಚರ್ ಮುಳ್ಳು ಒಂದೆಡೆ ನಿಲ್ಲುತ್ತಿಲ್ಲವೇ? ಮೀಟರ್ ದೋಷವೋ, ಎಂಜಿನ್ ದೋಷವೋ ಪತ್ತೆ ಮಾಡುವುದು ಹೀಗೆ

ಬೆಳಿಗ್ಗೆ ಮುಳ್ಳು ಅರ್ಧಕ್ಕಿಂತ ಕೆಳಗೆ ಇರುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಮುಕ್ಕಾಲಿಗೆ ಬರುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿದರೆ ಇನ್ನೊಂದು ಗೆರೆ ಮೇಲೆ. ಘಾಟಿ ಹತ್ತುವಾಗ ಕೆಂಪು ಗೆರೆ ಮುಟ್ಟಿ, ಬಾನೆಟ್ ತೆಗೆದು ನೋಡುವಷ್ಟರಲ್ಲಿ ಮತ್ತೆ ಅರ್ಧಕ್ಕೆ. ಇಂಥ ಗಾಡಿಗೆ ಸಾಮಾನ್ಯವಾಗಿ ಮೊದಲು ಬಿಸಿ ಅಳೆಯುವ ಸೆನ್ಸರ್ ಹೊಸದು ಬೀಳುತ್ತದೆ. ಸರಿಹೋಗದಿದ್ದರೆ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್. ಅದೂ ಆಗದಿದ್ದರೆ ರೇಡಿಯೇಟರ್ ಬಿಚ್ಚಿ ತೊಳೆಸುತ್ತಾರೆ. ದುಡ್ಡು ಹೋಗುತ್ತದೆ, ಮುಳ್ಳು ಮಾತ್ರ ಅಲ್ಲಾಡುತ್ತಲೇ ಇರುತ್ತದೆ.

ಇದಕ್ಕೆ ಕಾರಣ ಇದೆ. ಹಳೆಯ ಗಾಡಿಯಲ್ಲಿ ಎಷ್ಟೋ ಸಲ ಎರಡು ದೋಷ ಒಟ್ಟಿಗೆ ಇರುತ್ತವೆ. ಒಂದು ವೈರಿಂಗ್‌ನದ್ದು, ಇನ್ನೊಂದು ಎಂಜಿನ್ ತಣ್ಣಗಿಡುವ ನೀರಿನದ್ದು, ಅಂದರೆ ಕೂಲೆಂಟಿನದ್ದು. ಎರಡೂ ತೋರುವುದು ಒಂದೇ ಮುಳ್ಳಿನಲ್ಲಿ. ಹಾಗಾಗಿ ಯಾವುದೇ ಭಾಗ ಕೊಳ್ಳುವ ಮೊದಲು ಇವೆರಡನ್ನು ಬೇರೆ ಮಾಡಬೇಕು. ಮುಳ್ಳು ಸುಳ್ಳು ಹೇಳುತ್ತಿದೆಯೋ, ಎಂಜಿನ್ ನಿಜವಾಗಿಯೂ ಬಿಸಿಯಾಗುತ್ತಿದೆಯೋ ಅನ್ನುವುದು ಮೊದಲ ಪ್ರಶ್ನೆ. ಉಳಿದದ್ದೆಲ್ಲ ಆಮೇಲೆ.

ನಾನು ಇಲ್ಲಿ ಉದಾಹರಣೆಗೆ ಹಿಡಿದಿರುವುದು ಕಾರ್ಬುರೇಟರ್ ಇರುವ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್, ಮುಂದೆ ರೇಡಿಯೇಟರ್, ಅದಕ್ಕೊಂದು ಕರೆಂಟ್ ಫ್ಯಾನ್. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಈ ಕಾರು 2014ರ ಜನವರಿಯವರೆಗೆ ತಯಾರಾಯಿತು. ಹಾಗಾಗಿ ಇವತ್ತಿಗೂ ಊರೂರಲ್ಲಿ ಓಡುತ್ತಿದೆ. ಆದರೆ ವಿಧಾನ ಓಮ್ನಿ, ಝೆನ್, ಅಂಬಾಸಿಡರ್, ಹಳೆಯ ಜೀಪ್ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ.

ಶುರು ಮಾಡುವ ಮೊದಲು ಎರಡು ಎಚ್ಚರಿಕೆ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಬೇಡಿ. ಬಟ್ಟೆ ಸುತ್ತಿಕೊಂಡು ಕೂಡ ಬೇಡ. ಒತ್ತಡ ಇಳಿದ ಕ್ಷಣವೇ ಒಳಗಿನ ನೀರು ಕುದಿದು ಮುಖಕ್ಕೆ ಹಾರುತ್ತದೆ. ಇನ್ನೊಂದು, ಕರೆಂಟ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ಕೆಲವು ಗಾಡಿಗಳಲ್ಲಿ ಕೀ ತೆಗೆದ ಮೇಲೂ ತಿರುಗುತ್ತದೆ. ಅದರ ಹತ್ತಿರ ಕೈ ಹಾಕುವಾಗ ಬ್ಯಾಟರಿಯ ಮೈನಸ್ ವೈರ್ ತೆಗೆದಿಡಿ.

ಮುಳ್ಳು ಎಷ್ಟು ಬೇಗ ಓಡುತ್ತದೆ ನೋಡಿ

ಉಪಕರಣ ಹಿಡಿಯುವ ಮೊದಲು ಕಣ್ಣಿಗೆ ಕೆಲಸ ಕೊಡಿ. ಮುಳ್ಳು ಏರುವ, ಇಳಿಯುವ ವೇಗವೇ ಅರ್ಧ ಉತ್ತರ ಹೇಳುತ್ತದೆ.

ಒಂದು ಲೆಕ್ಕ ನೋಡಿ. 4 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಎಂಜಿನ್ ಆ ನೀರಿಗೆ ಸೆಕೆಂಡಿಗೆ 10 ಕಿಲೋಜೂಲ್ ಕೊಟ್ಟರೂ ಅರ್ಧ ನಿಮಿಷಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಸುತ್ತಲಿನ ಕಬ್ಬಿಣ, ಅಲ್ಯುಮಿನಿಯಂ ಕೂಡ ಬಿಸಿಯಾಗಬೇಕು, ಅದಕ್ಕೆ ಇನ್ನಷ್ಟು ಹೊತ್ತು. ಅಂದರೆ ಎಂಜಿನ್‌ನ ಬಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಮುಳ್ಳು ಒಂದು ಸೆಕೆಂಡಿನಲ್ಲಿ ಅರ್ಧದಿಂದ ಕೆಂಪಿಗೆ ಹಾರಿದರೆ, ಅಥವಾ ಹೊಂಡಕ್ಕೆ ಚಕ್ರ ಇಳಿದಾಗ ಕುಣಿದರೆ, ಅದು ಕರೆಂಟಿನ ಕೆಲಸ. ನೀರಿನದ್ದಲ್ಲ.

ಇದಕ್ಕೆ ಒಂದು ಅಪವಾದ ಇದೆ, ನೆನಪಿಟ್ಟುಕೊಳ್ಳಿ. ಸೆನ್ಸರ್ ಇರುವ ಜಾಗದಲ್ಲಿ ಗಾಳಿ ಅಥವಾ ಹಬೆಯ ಗುಳ್ಳೆ ಸಿಕ್ಕಿಕೊಂಡಿದ್ದರೆ ಮುಳ್ಳು ಕೆಲವೇ ಸೆಕೆಂಡುಗಳಲ್ಲಿ ಏರಿ ಇಳಿಯಬಹುದು. ಗುಳ್ಳೆ ಬಂದಾಗ ಒಂದು ಬಿಸಿ, ನೀರು ತಾಗಿದಾಗ ಇನ್ನೊಂದು. ಆದರೆ ಅದು ಅಲೆಯ ಹಾಗೆ ಏರಿ ಇಳಿಯುತ್ತದೆ, ಹೆಡ್‌ಲೈಟ್ ಸ್ವಿಚ್‌ಗೂ ಅದಕ್ಕೂ ಸಂಬಂಧ ಇರುವುದಿಲ್ಲ.

ಹಾಗಾದರೆ ಏನೇನು ಗಮನಿಸಬೇಕು? ಗಾಡಿ ನಿಂತಿರುವಾಗ ಹೆಡ್‌ಲೈಟ್, ವೈಪರ್, ಇಂಡಿಕೇಟರ್, ಹೀಟರ್ ಫ್ಯಾನ್ ಒಂದೊಂದಾಗಿ ಹಾಕಿ ನೋಡಿ. ಇಂಡಿಕೇಟರ್ ಮಿಣುಕುವ ತಾಳಕ್ಕೆ ಮುಳ್ಳು ಅಲ್ಲಾಡಿದರೆ ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ) ಸರಿಯಿಲ್ಲ ಎಂದು ಹೆಚ್ಚುಕಡಿಮೆ ಖಾತ್ರಿ. ಪೆಟ್ರೋಲ್ ಮೀಟರ್ ಕಡೆಗೂ ಕಣ್ಣಿಡಿ. ಎರಡೂ ಮುಳ್ಳು ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಸೆನ್ಸರ್ ಮುಟ್ಟಲೇ ಬೇಡಿ. ಎಂಜಿನ್ ಬಿಸಿಗೂ ಟ್ಯಾಂಕಿನ ಪೆಟ್ರೋಲ್‌ಗೂ ಏನು ಸಂಬಂಧ, ಅಲ್ವಾ? ದೋಷ ಇರುವುದು ಎರಡಕ್ಕೂ ಸೇರಿದ ಜಾಗದಲ್ಲಿ. ಅಂದರೆ ಡ್ಯಾಶ್‌ಬೋರ್ಡ್ ಒಳಗಿನ ವೋಲ್ಟೇಜ್ ಸ್ಟೆಬಿಲೈಸರ್, ಅಥವಾ ಮೀಟರ್ ಬೋರ್ಡ್‌ನ ಅರ್ಥ್, ಅಥವಾ ಅದರ ಫ್ಯೂಸ್.

ಎರಡನೇ ಸಾಕ್ಷಿ ಬೇಕು

ಮೀಟರನ್ನು ಮೀಟರ್‌ನಿಂದಲೇ ಪರೀಕ್ಷೆ ಮಾಡಲು ಆಗುವುದಿಲ್ಲ. ಬೇರೆ ಥರ್ಮಾಮೀಟರ್ ಬೇಕೇ ಬೇಕು. ಈ ಇಡೀ ಕೆಲಸದಲ್ಲಿ ನಾನು ಖರ್ಚು ಮಾಡಿ ಎನ್ನುವುದು ಇದೊಂದಕ್ಕೇ.

ಗನ್ ಥರ್ಮಾಮೀಟರ್ ಈಗ ಎಲ್ಲೆಡೆ ಸಿಗುತ್ತದೆ. ಆದರೆ ಹೊಳೆಯುವ ಅಲ್ಯುಮಿನಿಯಂ ಮೇಲೆ ಅದನ್ನು ಹಿಡಿದರೆ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಆ ಟೇಪಿಗೇ ಗುರಿಯಿಟ್ಟು ಅಳೆಯಿರಿ. ರಬ್ಬರ್ ಪೈಪಿನ ಮೇಲೆ ಆ ತೊಂದರೆ ಇಲ್ಲ.

ನನಗೆ ಇದಕ್ಕಿಂತ ಇಷ್ಟವಾದದ್ದು ವೈರ್ ತುದಿಯಲ್ಲಿ ಪ್ರೋಬ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್. ಫ್ರಿಜ್‌ಗೆ ಹಾಕುತ್ತಾರಲ್ಲ, ಅಂಥದ್ದು. 110 ಡಿಗ್ರಿವರೆಗೆ ತೋರಿಸುವಂಥದ್ದನ್ನೇ ಕೇಳಿ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಬೀದಿಯಲ್ಲಿ ಇದು ಕಡಿಮೆ ಬೆಲೆಗೆ ಸಿಗುತ್ತದೆ. ಪ್ರೋಬನ್ನು ಎಂಜಿನ್‌ನಿಂದ ಹೊರಡುವ ಮೇಲಿನ ಹೋಸಿನ ಲೋಹದ ಕುತ್ತಿಗೆಗೆ ಬಿಗಿಯಾಗಿ ಕಟ್ಟಿ. ಅದರ ಮೇಲೆ ಬಟ್ಟೆ ಸುತ್ತಿ, ಗಾಳಿ ತಾಗದ ಹಾಗೆ ಟೇಪ್ ಹಾಕಿ. ವೈರ್ ಫ್ಯಾನಿಗೂ ಬೆಲ್ಟಿಗೂ ಸಿಗದ ಹಾಗೆ ಸಾಗಿಸಿ ಒಳಗೆ ತನ್ನಿ. ಈಗ ಗಾಡಿ ಓಡಿಸುತ್ತಲೇ ಪಕ್ಕದಲ್ಲಿ ಕುಳಿತವರು ಎರಡೂ ಲೆಕ್ಕ ಬರೆದುಕೊಳ್ಳಬಹುದು. ಘಾಟಿಯಲ್ಲಿ ಮಾತ್ರ ಕಾಣಿಸುವ ದೋಷವನ್ನು ಶೆಡ್ಡಿನಲ್ಲಿ ನಿಲ್ಲಿಸಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಈ ವೈರ್ ಬಹಳ ಉಪಯೋಗಕ್ಕೆ ಬರುತ್ತದೆ.

ಪ್ರೋಬ್ ಒಳಗಿನ ನೀರಿಗಿಂತ ಕೆಲವು ಡಿಗ್ರಿ ಕಡಿಮೆ ತೋರಿಸುತ್ತದೆ. ಚಿಂತೆಯಿಲ್ಲ. ನಮಗೆ ಬೇಕಾಗಿರುವುದು ಖಚಿತ ಸಂಖ್ಯೆಗಿಂತ ಹೆಚ್ಚಾಗಿ ಜೊತೆ. ಮುಳ್ಳು ಏರಿದಾಗ ಪ್ರೋಬೂ ಏರಿತೇ? ಮುಳ್ಳು ಕುಣಿದಾಗ ಪ್ರೋಬ್ 86–87ರಲ್ಲೇ ತಣ್ಣಗೆ ಕುಳಿತಿತ್ತೇ? ಪ್ರೋಬ್ ಅಲ್ಲಾಡದಿದ್ದರೆ ವೈರಿಂಗ್ ಕಡೆ ಹೋಗಿ. ಅದೂ ಅಲ್ಲಾಡಿದರೆ ನೀರಿನ ಕಡೆ ಹೋಗಿ.

ವೈರಿಂಗ್ ಕಡೆಯ ಪರೀಕ್ಷೆ

ಹಳೆಯ ಗಾಡಿಗಳಲ್ಲಿ ಮೀಟರಿನ ಸೆನ್ಸರ್ ಬಹಳ ಸರಳ. ಒಂದು ಹಿತ್ತಾಳೆ ಬೋಲ್ಟ್, ಅದರೊಳಗೆ ಒಂದು ಥರ್ಮಿಸ್ಟರ್. ಬಿಸಿ ಏರಿದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ತಣ್ಣಗಿರುವಾಗ ನೂರಾರು ಓಮ್, ಚೆನ್ನಾಗಿ ಬಿಸಿಯಾದಾಗ ಕೆಲವು ಹತ್ತುಗಳು. ತಲೆಗೆ ಒಂದೇ ವೈರ್. ವಾಪಸ್ ದಾರಿ ಅದರ ಮೈ, ಅಂದರೆ ಎಂಜಿನ್ ಮೂಲಕ ಅರ್ಥ್. ಈ ಒಂದೇ ವೈರ್ ಅನ್ನುವ ವಿಷಯದಲ್ಲೇ ಅರ್ಧದಷ್ಟು ತೊಂದರೆಗಳಿವೆ.

ಮೊದಲ ಪರೀಕ್ಷೆ ಎಲ್ಲರಿಗೂ ಗೊತ್ತಿರುವಂಥದ್ದು. ಕೀ ಆನ್, ಎಂಜಿನ್ ಆಫ್. ಸೆನ್ಸರ್ ವೈರ್ ಕಿತ್ತರೆ ಮುಳ್ಳು ತಣ್ಣನೆ ಕಡೆಗೆ ಬೀಳಬೇಕು. ಆ ವೈರನ್ನು ಒಂದು ಕ್ಷಣ ಎಂಜಿನ್ ಮೈಗೆ ತಾಗಿಸಿದರೆ ಬಿಸಿ ಕಡೆಗೆ ಓಡಬೇಕು. ಬಹುಪಾಲು ಗಾಡಿಗಳಲ್ಲಿ ಹೀಗೇ. ತಾಗಿಸಿ ಹಿಡಿದುಕೊಂಡೇ ಇರಬೇಡಿ, ಮೀಟರ್ ಸುಡಬಹುದು. ಆದರೆ ಈ ಪರೀಕ್ಷೆ ಹೇಳುವುದು ವೈರ್ ತುಂಡಾಗಿಲ್ಲ ಎಂದು ಮಾತ್ರ. ಅಲ್ಲಾಡುವ ಮುಳ್ಳಿಗೆ ಇದು ಸಾಲದು.

ಅದಕ್ಕೆ ಬೇಕಾಗಿರುವುದು ಎರಡನೇ ಪರೀಕ್ಷೆ. ಇದನ್ನು ಮಾಡುವವರು ಬಹಳ ಕಡಿಮೆ, ಆದರೆ ನನ್ನ ಮಟ್ಟಿಗೆ ಇಡೀ ಪತ್ತೆಯ ಜೀವಾಳ ಇದೇ. 100 ಓಮ್‌ನ ಒಂದು 5 ವಾಟ್ ರೆಸಿಸ್ಟರ್ ತನ್ನಿ. ಸೆನ್ಸರ್ ವೈರ್ ಕಿತ್ತು, ಅದರ ತುದಿಗೂ ಎಂಜಿನ್‌ನ ಶುದ್ಧ ಲೋಹಕ್ಕೂ ನಡುವೆ ಈ ರೆಸಿಸ್ಟರ್ ಕಟ್ಟಿ. ಈಗ ಮೀಟರಿಗೆ ಎಂಜಿನ್ ಬಿಸಿ ಗೊತ್ತೇ ಇಲ್ಲ. ಅದು ನೋಡುತ್ತಿರುವುದು ಬದಲಾಗದ 100 ಓಮ್ ಮಾತ್ರ. ಮುಳ್ಳು ಮಧ್ಯದಲ್ಲೆಲ್ಲೋ ಒಂದು ಕಡೆ ನಿಲ್ಲಬೇಕು. ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ, ವೈರ್ ಕಟ್ಟನ್ನು ಅಲ್ಲಲ್ಲಿ ಹಿಡಿದು ಅಲ್ಲಾಡಿಸಿ, ಬೇಕಿದ್ದರೆ ಹತ್ತಿರದ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ಪ್ರೋಬ್ ಥರ್ಮಾಮೀಟರ್ ಹೇಗೂ ಇದೆ, ಎಂಜಿನ್ ಬಿಸಿ ಅದರಲ್ಲಿ ಕಾಣುತ್ತದೆ.

ಮುಳ್ಳು ಈಗಲೂ ಅಲ್ಲಾಡಿದರೆ ಸೆನ್ಸರ್ ನಿರಪರಾಧಿ. ದೋಷ ವೈರ್, ಅರ್ಥ್, ಸ್ಟೆಬಿಲೈಸರ್ ಅಥವಾ ಮೀಟರಿನಲ್ಲಿದೆ. ಮುಳ್ಳು ಕಲ್ಲಿನಂತೆ ನಿಂತರೆ ಅವೆಲ್ಲ ಸರಿಯಿವೆ, ಸೆನ್ಸರ್ ಮತ್ತು ಅದು ಕುಳಿತ ಜಾಗವನ್ನು ನೋಡಬೇಕು. ಒಂದು ರೆಸಿಸ್ಟರ್ ಇಷ್ಟು ಕೆಲಸ ಮಾಡುತ್ತದೆ.

ಅರ್ಥ್ ನೋಡುವುದು ಹೀಗೆ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಪ್ರೋಬ್ ಬ್ಯಾಟರಿಯ ಮೈನಸ್ ಕಂಬಕ್ಕೇ ಹಿಡಿಯಿರಿ, ಅದರ ಕ್ಲಾಂಪಿಗಲ್ಲ. ಕೆಂಪು ಪ್ರೋಬ್ ಎಂಜಿನ್ ಮೈಗೆ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಹೀಟರ್ ಫ್ಯಾನ್ ಎಲ್ಲ ಆನ್ ಇರಲಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥ್ ಸ್ಟ್ರಾಪ್, ಅಂದರೆ ಎಂಜಿನ್ ಮೈಯನ್ನು ಅರ್ಥ್‌ಗೆ ಸೇರಿಸುವ ದಪ್ಪ ವೈರ್, ಕೆಟ್ಟಿದೆ. ಆಮೇಲೆ ಕೆಂಪು ಪ್ರೋಬನ್ನು ಬಾಡಿಗೆ ಹಿಡಿದು ನೋಡಿ, ಕೊನೆಗೆ ಸೆನ್ಸರ್‌ನ ಹಿತ್ತಾಳೆ ಮೈಗೆ. ಎಲ್ಲಿ ವೋಲ್ಟ್ ದಿಢೀರ್ ಜಾಸ್ತಿಯಾಯಿತೋ, ಅದರ ಹಿಂದಿನ ಜೋಡಣೆಯೇ ಕಳ್ಳ. ಬೋಲ್ಟ್ ಬಿಚ್ಚಿ, ತುಕ್ಕನ್ನು ಎಮರಿ ಪೇಪರಿನಿಂದ ಉಜ್ಜಿ, ಲೋಹ ಹೊಳೆಯುವ ಹಾಗೆ ಮಾಡಿ ಬಿಗಿ ಮಾಡಿ, ಮೇಲೆ ಗ್ರೀಸ್ ಹಚ್ಚಿ. ಕರಾವಳಿಯ ಗಾಡಿಗಳಲ್ಲಿ, ಮಳೆ ಜಾಸ್ತಿ ಇರುವ ಮಲೆನಾಡಿನಲ್ಲಿ ಈ ಸ್ಟ್ರಾಪ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಎಳೆಗಳೆಲ್ಲ ಹಸಿರಾಗಿರುತ್ತವೆ. ಹಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೊಸದೇ ಹಾಕಿ.

ಕೆಟ್ಟ ಎಂಜಿನ್ ಅರ್ಥ್ ಬರೀ ಮುಳ್ಳಿನ ತೊಂದರೆ ಅಲ್ಲ. ಸ್ಟಾರ್ಟರ್‌ನ ದೊಡ್ಡ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅವನ್ನು ಸುಡುತ್ತದೆ. ಕೇಬಲ್ ಪದೇ ಪದೇ ಬಿಗಿಯಾಗುವ ಗಾಡಿಯಲ್ಲಿ ಮುಳ್ಳೂ ಕುಣಿಯುತ್ತಿದ್ದರೆ ಎರಡಕ್ಕೂ ಇದೇ ಕಾರಣವಿರಬಹುದು.

ಸ್ಟೆಬಿಲೈಸರ್ ಬಗ್ಗೆ ಸ್ವಲ್ಪ ಹೇಳಬೇಕು. ಎಲ್ಲ ಕಾರಿನಲ್ಲೂ ಇದು ಬೇರೆ ಡಬ್ಬಿಯಾಗಿ ಇರುವುದಿಲ್ಲ. ಬ್ರಿಟಿಷ್ ಮೂಲದ ಸ್ಮಿತ್ಸ್ ಮಾದರಿಯ ಮೀಟರ್‌ಗಳಲ್ಲಿ ಇದು ಬಿಸಿಯಾಗಿ ಬಾಗುವ ಎರಡು ಲೋಹದ ಪಟ್ಟಿ. 12 ವೋಲ್ಟನ್ನು ಕತ್ತರಿಸಿ ಕತ್ತರಿಸಿ ಸರಾಸರಿ 10 ವೋಲ್ಟ್ ಮಾಡಿ ಮೀಟರ್‌ಗಳಿಗೆ ಕೊಡುತ್ತದೆ. ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ನೋಡಿದರೆ ಸಂಖ್ಯೆ ಓಡಾಡುವುದು ಸಹಜ, ಅದನ್ನು ದೋಷ ಎಂದುಕೊಳ್ಳಬೇಡಿ. ಟೆಸ್ಟ್ ಲ್ಯಾಂಪ್ ಹಿಡಿದರೆ ಮಿಣುಕಬೇಕು. ಮಿಣುಕದೆ ಒಂದೇ ಸಮ ಉರಿದರೆ ಒಳಗೆ ಅಂಟಿಕೊಂಡಿದೆ, ಇಲ್ಲವೇ ಅದರ ಅರ್ಥ್ ಹೋಗಿದೆ. ಆಗ ಪೂರ್ತಿ ವೋಲ್ಟ್ ಮೀಟರಿಗೆ ಹೋಗಿ ಪೆಟ್ರೋಲೂ ಜಾಸ್ತಿ, ಬಿಸಿಯೂ ಜಾಸ್ತಿ ತೋರಿಸುತ್ತದೆ.

ಇನ್ನು ಸೆನ್ಸರ್. ತಣ್ಣಗಿರುವ ಎಂಜಿನ್‌ನಿಂದ ಬಿಚ್ಚಿ, ಹಳೆಯ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಡಿ. ಹಿತ್ತಾಳೆಯ ತುದಿ ಮಾತ್ರ ಮುಳುಗಲಿ, ತಲೆ ಒದ್ದೆಯಾಗಬಾರದು. ಮಲ್ಟಿಮೀಟರ್‌ನ ಒಂದು ತುದಿ ತಲೆಗೆ, ಇನ್ನೊಂದು ಮೈಗೆ. ನೀರು ಬಿಸಿಯಾಗುತ್ತಾ ಹೋದ ಹಾಗೆ ಓಮ್ ಇಳಿಯುತ್ತಾ ಬರಬೇಕು. ನುಣ್ಣಗೆ ಇಳಿಯಬೇಕು ಅನ್ನುವುದು ಮುಖ್ಯ. ಮಧ್ಯದಲ್ಲಿ ಎಲ್ಲಾದರೂ ಹಾರಿದರೆ, ಅಥವಾ ತಲೆಯ ಟರ್ಮಿನಲ್ ಅಲ್ಲಾಡಿಸಿದಾಗ ಸಂಖ್ಯೆ ಬದಲಾದರೆ ಸೆನ್ಸರ್ ಎಸೆಯಿರಿ. ಥರ್ಮಾಮೀಟರ್ ಮೇಲೆ ಅನುಮಾನ ಇದ್ದರೆ ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ಮಂಗಳೂರಿನಲ್ಲಿ 100 ಡಿಗ್ರಿ ಬರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ.

ಸೆನ್ಸರ್ ವಾಪಸ್ ಹಾಕುವಾಗ ಪ್ಲಂಬಿಂಗ್‌ನ ಬಿಳಿ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಇದರ ಅರ್ಥ್ ಹೋಗುವುದೇ ಬೋಲ್ಟಿನ ಥ್ರೆಡ್ ಮೂಲಕ. ಟೇಪ್ ಅಡ್ಡ ಬಂದರೆ ಮುಳ್ಳು ಕಡಿಮೆ ತೋರಿಸುತ್ತದೆ, ಅದೂ ಒಂದೊಂದು ಸಲ ಒಂದೊಂದು ತರಹ. ಹೊಸ ಸೆನ್ಸರ್ ಹಾಕಿದ ಮೇಲೂ ಮೀಟರ್ ಸರಿಯಿಲ್ಲ ಎನ್ನುವ ಗಾಡಿಗಳಲ್ಲಿ ಇದನ್ನು ಮೊದಲು ನೋಡಿ. ಇನ್ನೊಂದು ಕಾರಣ, ಅಂಗಡಿಯವರು ಥ್ರೆಡ್ ಹೊಂದುತ್ತದೆ ಎಂದು ಬೇರೆ ಮಾದರಿಯ ಸೆನ್ಸರ್ ಕೊಟ್ಟಿರುವುದು. ಥ್ರೆಡ್ ಒಂದೇ ಇದ್ದರೂ ಓಮ್ ಬೇರೆ ಇರುತ್ತದೆ. ಹಳೆಯದನ್ನೂ ಹೊಸದನ್ನೂ ಒಂದೇ ಬಿಸಿನೀರಿನಲ್ಲಿ ಇಟ್ಟು ಹೋಲಿಸಿದರೆ ತಿಳಿಯುತ್ತದೆ.

ಫ್ಯೂಯಲ್ ಇಂಜೆಕ್ಷನ್ ಇರುವ ಸ್ವಲ್ಪ ಈಚಿನ ಕಾರುಗಳಲ್ಲಿ ಎಷ್ಟೋ ಸಲ ಎರಡು ಸೆನ್ಸರ್ ಇರುತ್ತವೆ. ಎರಡು ವೈರಿನದು ಕಂಪ್ಯೂಟರಿಗೆ, ಒಂದು ವೈರಿನದು ಮೀಟರಿಗೆ. ಸ್ಕ್ಯಾನರ್ ಹಾಕಿ 88 ಡಿಗ್ರಿ ಸರಿಯಿದೆ ಅಂದರೆ ಅದು ಮೊದಲನೆಯದರ ಮಾತು. ಮುಳ್ಳಿಗೂ ಅದಕ್ಕೂ ನಂಟಿಲ್ಲ. ಆದರೆ ನಮಗೆ ಅದೇ ಪುಕ್ಕಟೆ ಎರಡನೇ ಸಾಕ್ಷಿ ಆಗುತ್ತದೆ, ಪ್ರೋಬ್ ಕಟ್ಟುವ ಕೆಲಸ ಉಳಿಯುತ್ತದೆ.

ಪ್ರೋಬೂ ಅಲ್ಲಾಡಿದರೆ

ಈಗ ವಿಷಯ ಗಂಭೀರ. ಎಂಜಿನ್ ಬಿಸಿ ನಿಜವಾಗಿಯೂ ಏರುಪೇರಾಗುತ್ತಿದೆ. ಇಲ್ಲೂ ಯಾವಾಗ ಏರುತ್ತದೆ ಅನ್ನುವುದೇ ದಾರಿ ತೋರಿಸುತ್ತದೆ.

ಟ್ರಾಫಿಕ್‌ನಲ್ಲಿ ಏರಿ, ಓಡಿಸಿದರೆ ಇಳಿಯುತ್ತದೆಯೇ? ಗಾಳಿ ಸಾಲುತ್ತಿಲ್ಲ. ನೀರು ಬಿಸಿಯಾದಾಗ ಫ್ಯಾನ್ ತಾನಾಗಿ ಹಾಕುವ ಫ್ಯಾನ್ ಸ್ವಿಚ್‌ನ ಎರಡು ವೈರ್ ಕಿತ್ತು ಒಂದಕ್ಕೊಂದು ಸೇರಿಸಿದರೆ, ಕೀ ಆನ್ ಇದ್ದಾಗ, ಫ್ಯಾನ್ ತಿರುಗಬೇಕು. ತಿರುಗಿದರೆ ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟರ್ ನೋಡಿ. ಫ್ಯಾನ್ ಉಲ್ಟಾ ತಿರುಗುತ್ತಿಲ್ಲವೇ ಅನ್ನುವುದನ್ನೂ ನೋಡಿಬಿಡಿ. ಮೋಟರ್ ರಿಪೇರಿ ಮಾಡಿಸಿದ ಗಾಡಿಗಳಲ್ಲಿ ಪ್ಲಸ್–ಮೈನಸ್ ಅದಲುಬದಲಾಗಿರುವುದು ಉಂಟು.

ಶಿರಾಡಿ, ಚಾರ್ಮಾಡಿ ಹತ್ತುವಾಗ ಅಥವಾ ಹೈವೇಯಲ್ಲಿ ಜೋರಾಗಿ ಓಡಿಸುವಾಗ ಏರಿ, ಊರೊಳಗೆ ಸರಿಯಿರುತ್ತದೆಯೇ? ನೀರು ಹರಿಯುವುದು ಸಾಲುತ್ತಿಲ್ಲ. ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧವೇ ತೆರೆಯುತ್ತಿರಬಹುದು, ಬೆಲ್ಟ್ ಜಾರುತ್ತಿರಬಹುದು, ವಾಟರ್ ಪಂಪ್‌ನ ರೆಕ್ಕೆ ಸವೆದಿರಬಹುದು. ಕೆಳಗಿನ ಹೋಸ್ ಮೆತ್ತಗಾಗಿದ್ದರೆ ಎಂಜಿನ್ ರೇಸ್ ಮಾಡಿದಾಗ ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಯಾರಾದರೂ ಆಕ್ಸಿಲರೇಟರ್ ಒತ್ತಲಿ, ನೀವು ಹೋಸ್ ನೋಡಿ. ರೇಡಿಯೇಟರ್ ಮೈ ಮೇಲೆ ಗನ್ ಥರ್ಮಾಮೀಟರ್ ಸಾಗಿಸಿದರೆ, ಕಟ್ಟಿಕೊಂಡ ಕಡೆ ತಣ್ಣನೆಯ ಪಟ್ಟಿ ಸಿಗುತ್ತದೆ.

ನಮ್ಮ ಕಡೆ ರೇಡಿಯೇಟರ್ ಕಟ್ಟಿಕೊಳ್ಳಲು ದೊಡ್ಡ ಕಾರಣ ಬೋರ್‌ವೆಲ್ ನೀರು. ಬೆಂಗಳೂರು, ಕೋಲಾರದ ಕಡೆಯ ಗಡಸು ನೀರು ಸ್ನಾನದ ಹೀಟರಿನ ಕಾಯಿಲ್‌ಗೆ ಏನು ಮಾಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಎಂಜಿನ್ ಒಳಗೂ ಅದೇ ಬಿಳಿ ಪದರ ಕೂರುತ್ತದೆ. ಸೆನ್ಸರ್ ತುದಿಯ ಮೇಲೂ ಕೂರುತ್ತದೆ, ಆಗ ಮುಳ್ಳು ನಿಧಾನವಾಗುತ್ತದೆ. ಎಂಜಿನ್ ಬಿಸಿಯಾಗಿ ಎಷ್ಟೋ ಹೊತ್ತಾದ ಮೇಲೆ ಮೀಟರಿಗೆ ಸುದ್ದಿ ತಲುಪುತ್ತದೆ. ಇನ್ನೊಂದು ರೂಢಿ ಇದೆ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಸುರಿಯುವುದು. ದಾರಿ ಮಧ್ಯೆ ಸಿಕ್ಕಿಕೊಂಡಾಗ ಮನೆ ಸೇರಲು ಮಾಡಿದರೆ ತಪ್ಪಿಲ್ಲ. ಆದರೆ ಮನೆ ಸೇರಿದ ಮೇಲೆ ಪೂರ್ತಿ ತೊಳೆದು ಸೋರುವ ಜಾಗ ಬೆಸುಗೆ ಹಾಕಿಸಲೇಬೇಕು. ಆ ಪುಡಿ ಸೋರುವ ತೂತು ಒಂದನ್ನೇ ಹುಡುಕಿಕೊಂಡು ಹೋಗಿ ಮುಚ್ಚುವುದಿಲ್ಲ.

ಬಿಸಿಯಾಗಲು ಬಹಳ ಹೊತ್ತು, ಇಳಿಜಾರಿನಲ್ಲಿ ಪೂರ್ತಿ ತಣ್ಣಗೆ, ಟ್ರಾಫಿಕ್‌ನಲ್ಲಿ ಮತ್ತೆ ಮೇಲೆ. ಹೀಗಿದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ಇಲ್ಲವೇ ಇಲ್ಲ. ಬಿಸಿಲ ನಾಡಿನಲ್ಲಿ ಇದು ಯಾಕೆ ಬೇಕು ಎಂದು ಅದನ್ನು ಕಿತ್ತು ಎಸೆಯುವ ಮೆಕ್ಯಾನಿಕ್‌ಗಳು ಬಹಳ ಜನ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಎಂಜಿನ್ ತಣ್ಣಗೆ ಓಡಿದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್‌ನಲ್ಲಿ ನೀರಿನ ಪಸೆ ಉಳಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಅಷ್ಟೇ ಅಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಒಂದಷ್ಟು ಬಿಸಿನೀರು ರೇಡಿಯೇಟರ್‌ಗೆ ಹೋಗದೆ ಒಳಗೇ ಸುತ್ತುತ್ತದೆ. ತಣ್ಣಗಾಗಲಿ ಎಂದು ತೆಗೆದದ್ದು ಘಾಟಿಯಲ್ಲಿ ಇನ್ನೂ ಬಿಸಿ ಮಾಡುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆಗೂ ಅದೇ ಪಾತ್ರೆ, ಅದೇ ನೀರು. ಅದರ ಮೈ ಮೇಲೆ 82 ಅಥವಾ 88 ಎಂದು ಒತ್ತಿರುತ್ತಾರೆ. ಆ ಡಿಗ್ರಿಯಲ್ಲಿ ಬಾಯಿ ತೆರೆಯಲು ಶುರುವಾಗಿ, ಕುದಿಯುವ ಹೊತ್ತಿಗೆ ಚೆನ್ನಾಗಿ ತೆರೆದಿರಬೇಕು. ಹೊರಗೆ ತೆಗೆದರೆ ಪೂರ್ತಿ ಮುಚ್ಚಬೇಕು. ಒಂದೇ ಸಲ ನೋಡಿ ಬಿಡಬೇಡಿ. ಅಂಟಿಕೊಳ್ಳುವ ಥರ್ಮೋಸ್ಟಾಟ್ ಒಮ್ಮೆ ಸರಿಯಾಗಿ, ಇನ್ನೊಮ್ಮೆ ತಡವಾಗಿ ತೆರೆಯುತ್ತದೆ. ಹಾಕುವಾಗ ಸ್ಪ್ರಿಂಗ್ ಇರುವ ಕಡೆ ಎಂಜಿನ್ ಬಿಸಿನೀರಿನ ಕಡೆಗೆ ಇರಬೇಕು. ಗಾಳಿ ಹೋಗಲು ಅದರಲ್ಲಿ ಸಣ್ಣ ತೂತು, ಪಿನ್ ಇದ್ದರೆ ಅದು ಮೇಲ್ಗಡೆ ಬರಲಿ.

ಕ್ಯಾಪ್ ಮತ್ತು ಗಾಳಿ

ಏರುಪೇರಿನ ಮುಳ್ಳಿಗೆ ಎಷ್ಟೋ ಸಲ ಕಾರಣವಾದರೂ ಕಡಿಮೆ ಗಮನ ಪಡೆಯುವ ಭಾಗ ರೇಡಿಯೇಟರ್ ಕ್ಯಾಪ್. ಅದು ಸುಮ್ನೆ ಮುಚ್ಚಳ ಅಲ್ಲ, ಎರಡು ವಾಲ್ವ್ ಇರುವ ಯಂತ್ರ. ಒಂದು ವಾಲ್ವ್ ಒತ್ತಡ ಹಿಡಿದಿಡುತ್ತದೆ. 0.9 (ಅಂದರೆ 0.9 ಬಾರ್ ಒತ್ತಡ) ಎಂದು ಬರೆದಿರುವ ಕ್ಯಾಪ್ ಸರಿಯಿದ್ದರೆ ಬರೀ ನೀರು ಕೂಡ ಸಮುದ್ರಮಟ್ಟದಲ್ಲಿ ಸುಮಾರು 118 ಡಿಗ್ರಿ ತನಕ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತಿದ್ದರೆ 100ರ ಆಸುಪಾಸಿನಲ್ಲೇ ಕುದಿ ಬಂದು ಹಬೆಯ ಗುಳ್ಳೆ ಏಳುತ್ತದೆ. ಗುಳ್ಳೆ ಸೆನ್ಸರ್ ಸುತ್ತ ಸೇರಿದಾಗ ಮುಳ್ಳು ಅಲೆಯುತ್ತದೆ.

ಇನ್ನೊಂದು ಸಣ್ಣ ವಾಲ್ವ್ ಎಂಜಿನ್ ತಣ್ಣಗಾಗುವಾಗ ತೆರೆದು, ರಿಸರ್ವ್ ಟ್ಯಾಂಕಿನಿಂದ ನೀರು ವಾಪಸ್ ಎಳೆದುಕೊಳ್ಳುತ್ತದೆ. ಕ್ಯಾಪಿನ ರಬ್ಬರ್ ಒಣಗಿದ್ದರೆ, ಅಥವಾ ಟ್ಯಾಂಕಿಗೆ ಹೋಗುವ ತೆಳು ಪೈಪ್ ಸೀಳಿದ್ದರೆ, ನೀರಿನ ಬದಲು ಗಾಳಿ ಒಳಗೆ ಬರುತ್ತದೆ. ಪ್ರತಿ ಸಲ ಸ್ವಲ್ಪ ನೀರು ಹೊರಗೆ, ಸ್ವಲ್ಪ ಗಾಳಿ ಒಳಗೆ. ಟ್ಯಾಂಕ್ ನೋಡಿದರೆ ತುಂಬಿದೆ. ರೇಡಿಯೇಟರ್ ಒಳಗೆ ನೀರು ಕೊಳವೆಗಳ ಕೆಳಗೆ ಇಳಿದಿರುತ್ತದೆ. ಟ್ಯಾಂಕ್ ಒಂದನ್ನೇ ನೋಡಿ ನೀರು ಸರಿಯಿದೆ ಅನ್ನುವುದು ಅಪಾಯ. ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಪ್ ತೆಗೆದು ಕುತ್ತಿಗೆಯವರೆಗೆ ನೀರಿದೆಯೇ ನೋಡಿ. ರಾತ್ರಿ ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಆ ಸಣ್ಣ ವಾಲ್ವ್ ಅಂಟಿಕೊಂಡಿದೆ.

ಇಲ್ಲೇ ಎಲ್ಲರಿಗೂ ತಿಳಿದಿರಬೇಕಾದ ಒಂದು ವಿಷಯ ಇದೆ. ನೀರು ಪೂರ್ತಿ ಖಾಲಿಯಾದರೆ ಮುಳ್ಳು ಕೆಳಗೆ ಬೀಳಬಹುದು. ಸೆನ್ಸರ್ ತುದಿಗೆ ನೀರು ತಾಗುತ್ತಿಲ್ಲ, ಹಾಗಾಗಿ ಅದಕ್ಕೆ ಬಿಸಿ ಗೊತ್ತಾಗುವುದಿಲ್ಲ. ಕೆಂಪಿನ ಹತ್ತಿರ ಇದ್ದ ಮುಳ್ಳು ತಾನಾಗಿ ಇಳಿಯಿತು ಎಂದು ಖುಷಿಪಟ್ಟು ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಹೀಟರ್ ಇರುವ ಗಾಡಿಯಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಹೀಟರ್ ಪೂರ್ತಿ ತೆರೆಯಿರಿ. ಮುಳ್ಳು ಬಿಸಿ ಎನ್ನುತ್ತಿದೆ, ಹೀಟರ್‌ನಿಂದ ತಣ್ಣನೆ ಗಾಳಿ ಬರುತ್ತಿದೆ ಅಂದರೆ ನೀರು ಕಡಿಮೆಯಾಗಿದೆ. ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ.

ಗಾಳಿ ತೆಗೆಯುವುದು ತಾಳ್ಮೆಯ ಕೆಲಸ. ತಣ್ಣಗಿನ ಎಂಜಿನ್, ಗಾಡಿಯ ಮೂತಿ ಏರಿನ ಕಡೆಗೆ, ಹೀಟರ್ ಪೂರ್ತಿ ಬಿಸಿಗೆ, ಕ್ಯಾಪ್ ತೆಗೆದು ನೀರು ತುಂಬಿಸಿ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಹೋಸ್‌ಗಳನ್ನು ಆಗಾಗ ಹಿಚುಕಿ, ಗುಳ್ಳೆ ಬರುತ್ತಿರುತ್ತದೆ. ಮೇಲಿನ ಹೋಸ್ ಬಿಸಿಯಾಯಿತು ಅಂದರೆ ಥರ್ಮೋಸ್ಟಾಟ್ ತೆರೆಯಿತು. ಆಗ ನೀರು ದಿಢೀರ್ ಇಳಿಯುತ್ತದೆ. ಕೂಲೆಂಟ್ ನಿಧಾನವಾಗಿ ಸೇರಿಸಿ, ಗುಳ್ಳೆ ನಿಂತ ಮೇಲೆ, ಕುದಿ ಬರುವ ಮೊದಲೇ ಕ್ಯಾಪ್ ಹಾಕಿ. ಮಾರನೇ ದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ.

ನಮ್ಮ ಮನೆಯ 800ರಲ್ಲಿ ಇದೇ ಜೋಡಿ ದೋಷ ಇತ್ತು. ಹೆಡ್‌ಲೈಟ್ ಹಾಕಿದಾಗ ಮುಳ್ಳು ಒಂದು ಗೆರೆ ಹಾರುತ್ತಿತ್ತು, ಘಾಟಿಯಲ್ಲಿ ಅಲೆಯಂತೆ ಏರಿ ಇಳಿಯುತ್ತಿತ್ತು. ರೆಸಿಸ್ಟರ್ ಕಟ್ಟಿದಾಗ ಹೆಡ್‌ಲೈಟಿನ ಹಾರಾಟ ಹಾಗೆಯೇ ಉಳಿಯಿತು. ಎಂಜಿನ್ ಅರ್ಥ್ ಸ್ಟ್ರಾಪ್ ಹೊಸದು ಹಾಕಿದ ಮೇಲೆ ನಿಂತಿತು. ಘಾಟಿಯ ಅಲೆ ಮಾತ್ರ ಪ್ರೋಬ್‌ನಲ್ಲೂ ಕಂಡಿತು. ಅದಕ್ಕೆ ಕಾರಣ ಕ್ಯಾಪಿನ ಒಣಗಿದ ರಬ್ಬರ್. ಸೆನ್ಸರ್ ಈಗಲೂ ಹಳೆಯದೇ ಇದೆ.

ಗಾಳಿ ತೆಗೆದಷ್ಟೂ ಮತ್ತೆ ಬರುತ್ತಿದ್ದರೆ

ಕ್ಯಾಪ್ ಹೊಸದು, ಪೈಪ್‌ಗಳು ಸರಿ, ಸೋರಿಕೆ ಎಲ್ಲೂ ಇಲ್ಲ. ಆದರೂ ಕೆಲವು ದಿನಕ್ಕೆ ಮತ್ತೆ ಗಾಳಿ, ಮತ್ತೆ ಅಲೆ. ಆಗ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳು ಪದರದ ಮೇಲೆ. ಸಿಲಿಂಡರಿನ ಉರಿಯ ಗ್ಯಾಸ್ ನೀರಿನ ದಾರಿಗೆ ನುಗ್ಗುತ್ತಿದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ, ಅಂದರೆ ನೀರು ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೆ ಅದು ಗ್ಯಾಸ್ ಒತ್ತಡ. ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ಗುಳ್ಳೆಗಳು ನಿಲ್ಲದೆ ಬರುತ್ತವೆ, ಆಕ್ಸಿಲರೇಟರ್ ಒತ್ತಿದರೆ ಜಾಸ್ತಿಯಾಗುತ್ತವೆ. ಆಯಿಲ್ ಕಡ್ಡಿಯಲ್ಲಿ ಕಾಫಿ ಬಣ್ಣದ ನೊರೆ, ಸೈಲೆನ್ಸರ್‌ನಲ್ಲಿ ನಿಲ್ಲದ ಬಿಳಿ ಹೊಗೆ ಕೂಡ ಬರಬಹುದು. ಇವು ಇಲ್ಲ ಎಂದ ಮಾತ್ರಕ್ಕೆ ಗ್ಯಾಸ್ಕೆಟ್ ಸರಿಯಿದೆ ಎಂದೇನಲ್ಲ.

ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಇದ್ದರೆ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಎಳೆದಾಗ ನೀಲಿ ಹಳದಿಯಾದರೆ ಉರಿಯ ಗ್ಯಾಸ್ ಇದೆ ಎಂದು ತಿಳಿಯುತ್ತದೆ. ಹೆಡ್ ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಒಂದನ್ನೇ ಬದಲಿಸಿ ಮುಚ್ಚಲು ಬಿಡಬೇಡಿ. ಅಲ್ಯುಮಿನಿಯಂ ಹೆಡ್ ಒಮ್ಮೆ ಜಾಸ್ತಿ ಬಿಸಿಯಾದರೆ ಬಾಗಿರುತ್ತದೆ. ನೇರ ಅಂಚಿನ ಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿ, ಕಂಪನಿ ಹೇಳಿದ ಮಿತಿ ದಾಟಿದ್ದರೆ ಲೇತ್ ಅಂಗಡಿಯಲ್ಲಿ ಮುಖ ಸಮ ಮಾಡಿಸಬೇಕು. ಬೋಲ್ಟ್‌ಗಳನ್ನು ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿಸಿ.

ಕೆಲಸ ಮುಗಿದ ಮೇಲೆ ಪ್ರೋಬ್ ಥರ್ಮಾಮೀಟರನ್ನು ಕೂಡಲೇ ಬಿಚ್ಚಬೇಡಿ. ಒಂದು ಏರು, ಒಂದು ಟ್ರಾಫಿಕ್, ಒಂದು ರಾತ್ರಿ ಓಟ ಆಗಲಿ. ಪ್ರೋಬ್ 80 ಎಂದಾಗ ಮುಳ್ಳು ಎಲ್ಲಿತ್ತು, 90 ಎಂದಾಗ ಎಲ್ಲಿತ್ತು, ಫ್ಯಾನ್ ಶುರುವಾದಾಗ ಎಲ್ಲಿತ್ತು ಬರೆದುಕೊಳ್ಳಿ. ಆ ಚೀಟಿಯನ್ನು ಗಾಡಿಯ ಪೇಪರ್‌ಗಳ ಜೊತೆ ಇಡಿ. ಮುಂದೆ ಮುಳ್ಳು ಒಂದು ಗೆರೆ ಆಚೀಚೆ ಆದರೂ ಹೋಲಿಸಿ ನೋಡಲು ಕೈಯಲ್ಲಿ ಲೆಕ್ಕ ಇರುತ್ತದೆ.